ಸತ್ಕಾರದ ಯಾದಿ

ನನ್ನ ಹಳೆಯ ಮೊಬೈಲನ್ನು ಹೆಂಡತಿ ಒಂದು ಪ್ಲಾಸ್ಟಿಕ್ ಬುಟ್ಟಿಗೆ ಕೊಟ್ಟುಬಿಟ್ಟಳು. ಕೆಟ್ಟ ಮೊಬೈಲ್ ತೆಗೆದುಕೊಂಡು ಬುಟ್ಟಿ, ಬಕೆಟ್ ಕೊಡುವವರು ಜತ್ತ ತಾಲೂಕಿನ ಗಡಿಯೂರು ನಮ್ಮ ಸಂಖದ ಓಣಿಗಳಲ್ಲಿ ಕೂಗುತ್ತ ಬರುತ್ತಾರೆ. ಬುಟ್ಟಿ ನೀಲಿ ಬಣ್ಣದ್ದು. ಬಚ್ಚಲಲ್ಲಿದೆ, ಒಗೆಯುವ ಬಟ್ಟೆ ಹಾಕುತ್ತೇವೆ. ಎಂಟು ವರ್ಷಗಳ ಹಿಂದೆ ನಾನು ಒಂದು ಕೆಟ್ಟ ಕೆಲಸ ಮಾಡಿದ್ದೆನೋ ಇಲ್ಲವೋ ಎಂಬುದಕ್ಕೆ ಇದ್ದ ಪುರಾವೆ ಆ ಮೊಬೈಲಿನಲ್ಲಿತ್ತು. ಧಾರವಾಡದಲ್ಲಿ ಎರಡು ವರ್ಷ ಇತಿಹಾಸ ಓದಿ, ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ಕಲಿತು ಬಂದು, ಅದನ್ನೇ ಈಗ ಕಾಲೇಜಿನ ಮಕ್ಕಳಿಗೆ ಹೇಳಿಕೊಡುತ್ತೇನೆ. ನನ್ನ ಸ್ವಂತ ಬದುಕಿನ ಮುಖ್ಯ ಆಧಾರ ಮಾತ್ರ ಬಟ್ಟೆಯ ಬುಟ್ಟಿಯಾಗಿದೆ.

ಆ ಕೆಲಸ ತಾಕಿದ್ದು ನನ್ನ ಗೆಳೆಯನಿಗೆ. ಒಂದನೇ ಇಯತ್ತೆಯಿಂದ ಕನ್ನಡ ಶಾಲೆಯಲ್ಲಿ ಒಂದೇ ಜಮಖಾನೆಯ ಮೇಲೆ ಕೂತವರು ನಾವು. ಅವನಿಗೆ ಊರಲ್ಲಿ ಗೊಬ್ಬರದ ಅಂಗಡಿ, ಹೊರಗೆ ಒಂದಿಷ್ಟು ದಾಳಿಂಬೆ ತೋಟ. ಆದರೆ ಜನ ಅವನನ್ನು ಗುರುತಿಸುತ್ತಿದ್ದದ್ದು ದನಿಯಿಂದ.

ನಮ್ಮ ಕಡೆಯ ಲಗ್ನ ನೋಡದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಪತ್ರಿಕೆಯಲ್ಲಿ ಮುಹೂರ್ತ ಹನ್ನೆರಡೂ ಮೂವತ್ತೈದು ಎಂದು ಅಚ್ಚಾಗಿದ್ದರೂ ಅಕ್ಷತೆ ಬೀಳುವುದು ಸತ್ಕಾರ ಮುಗಿದ ಮೇಲೆ. ಬಂದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ವೇದಿಕೆಗೆ ಕರೆದು, ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಡಬೇಕು. ಯಾರು ಮೊದಲು, ಯಾರು ಆಮೇಲೆ ಎಂಬ ಯಾದಿ ಮೈಕು ಹಿಡಿದವನ ಕೈಯಲ್ಲಿರುತ್ತದೆ. ಒಂದು ಹೆಸರು ಹಿಂದೆ ಮುಂದೆ ಆದರೆ ಆ ಮನೆಯವರು ಉಣ್ಣದೆ ಎದ್ದುಹೋಗುತ್ತಾರೆ. ಒಂದು ಲಗ್ನದಲ್ಲಿ ಸೋದರಮಾವನಿಗಿಂತ ಮೊದಲು ಮಾಜಿ ಸರಪಂಚರನ್ನು ಕರೆದದ್ದಕ್ಕೆ ಮಾವ ಅಕ್ಷತೆಯ ಹೊತ್ತಿಗೆ ಪದ್ಧತಿಯಂತೆ ಹೆಣ್ಣಿನ ಹಿಂದೆ ನಿಲ್ಲಲು ಒಪ್ಪಲಿಲ್ಲ. ಮುಕ್ಕಾಲು ತಾಸು ಎಲ್ಲರೂ ಅಕ್ಷತೆ ಹಿಡಿದು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನೆ ಎಂದೇ ನನ್ನ ನಂಬಿಕೆ.

ಗೆಳೆಯ ಈ ಕೆಲಸದಲ್ಲಿ ಎಂದೂ ತಪ್ಪಿದವನಲ್ಲ. ಯಳವಿ ಕಡೆಯಾದರೆ ಮರಾಠಿ ಮೊದಲು, ನಮ್ಮ ಕಡೆಯಾದರೆ ಕನ್ನಡ ಮೊದಲು. ಯಾದಿಯನ್ನು ಒಮ್ಮೆ ಓದಿ ಜೇಬಿಗೆ ಹಾಕಿಕೊಂಡರೆ ಮತ್ತೆ ತೆಗೆಯುತ್ತಿರಲಿಲ್ಲ. ಅವನ ಬಾಯಲ್ಲಿ ಹೆಸರು ಬಂದರೆ ಎಂಥವನೂ ವೇದಿಕೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕು ಬೆರಳು ಎತ್ತರವಾಗಿರುತ್ತಿದ್ದ. ನನ್ನ ಲಗ್ನದಲ್ಲೂ ಅವನೇ ಮೈಕು ಹಿಡಿದಿದ್ದ. ಎಲ್ಲ ಮುಗಿದ ಮೇಲೆ ನನ್ನ ಅವ್ವ ಬಂದು, "ಆ ಹುಡುಗನ ಬಾಯಾಗ ನಿನ್ನ ಹೆಸರ ಕೇಳಿದಾಗ ನೋಡು, ಇವ ನನ್ನ ಮಗ ಏನು ಅನಿಸ್ತು" ಅಂದಳು. ಮೆಚ್ಚಿ ಅಂದದ್ದು. ಇಂದಿಗೂ ಮರೆತಿಲ್ಲ.

ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ಇದನ್ನು ನೆನಪಿನಿಂದ ಹೇಳಬೇಕಾಗಿಲ್ಲ, ಈಗಲೂ ಇದೆ.

ಆ ದಿನ ಲಗ್ನ ಯಳವಿಯಲ್ಲಿ. ಹೆಣ್ಣು ನಮ್ಮ ಸಂಖದ್ದು, ಹಾಗಾಗಿ ನಾವು ಊರಿನವರೆಲ್ಲ ಟೆಂಪೋಗಳಲ್ಲಿ ಹೋಗಿದ್ದೆವು. ಕಬ್ಬು ಕಡಿಯಲು ಸಕ್ಕರೆ ಕಾರಖಾನೆಗಳ ಕಡೆ ಹೋಗಿದ್ದವರು ಹಂಗಾಮು ಮುಗಿಸಿ ಆಗಷ್ಟೇ ಮರಳಿದ್ದರು. ಅವರಲ್ಲೂ ಕೆಲವರು ಬಂದಿದ್ದರು. ಸತ್ಕಾರ ಬೆಳೆಯುತ್ತ ಹೋಯಿತು. ಬಿಸಿಲು. ಗೆಳೆಯ ಹೆಸರು ಕರೆಯುತ್ತಿರುವಾಗಲೇ ಅತ್ತ ಪಂಕ್ತಿ ಕೂತಿತು, ಮಂದಿ ಎದ್ದು ಊಟಕ್ಕೆ ನಡೆದರು. ಅವನ ದನಿ ಇರುವಾಗ ಮಂಟಪ ಖಾಲಿಯಾದದ್ದು ಅದೇ ಮೊದಲಿರಬೇಕು. ಮೈಕು ಇಟ್ಟು ಕೆಳಗೆ ಬಂದಾಗ ಅವನ ಮುಖ ಬಿಗಿದಿತ್ತು.

ಮೊದಲ ಪಂಕ್ತಿಯಲ್ಲಿ ನಮ್ಮೂರಿನ ಒಬ್ಬ ಮುದುಕಿ ಇದ್ದಳು. ವರ್ಷದಲ್ಲಿ ಆರು ತಿಂಗಳು ಮಗ ಸೊಸೆಯ ಜೊತೆ ಕಬ್ಬು ಕಡಿಯುವ ಫಡದಲ್ಲಿ, ಉಳಿದ ಆರು ತಿಂಗಳು ಊರವರ ಹೊಲಗಳಲ್ಲಿ ಕಳೆ ತೆಗೆಯುತ್ತ ಇರುವವಳು. ಎಲ್ಲರೂ ಅವಳಿಗೆ ಆಯಿ ಎನ್ನುತ್ತಾರೆ. ಅವಳು ಎಲೆಯ ಮೇಲಿನ ಬೂಂದಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಗೆಳೆಯ ಅದರ ಫೋಟೋ ತೆಗೆದ. ಅದನ್ನು ಸ್ಟೇಟಸ್ಸಿಗೆ ಹಾಕಿ ಕೆಳಗೆ ಬರೆದ: "ಕರೀದಿದ್ರೂ ವಾಸನಿ ಹಿಡದ ಬರ್ತಾರ. ಅಕ್ಷತಾ ಬೀಳೂದರಾಗ ಗಂಟ ಕಟಗೊಂಡ ಹೊಂಟಿರ್ತಾರ."

ಅವಳಿಗೆ ಕರೆ ಇತ್ತು. ಹೆಣ್ಣಿನ ಮನೆಯವರ ಹೊಲದಲ್ಲಿ ಎಷ್ಟೋ ವರ್ಷ ದುಡಿದಿದ್ದಳು. ಆ ಬೂಂದಿ, ಜ್ವರ ಬಂದು ಮಲಗಿದ್ದ ಮೊಮ್ಮಗಳಿಗೆ. ಇದು ನಮಗೆ ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಅವನು ಬರೆಯುತ್ತಿರಲಿಲ್ಲವೇ ಎಂದರೆ ನನಗೆ ಗೊತ್ತಿಲ್ಲ. ಬರೆಯುವ ಹೊತ್ತಿಗೆ ಅವನಿಗೆ ಬೇಕಾಗಿದ್ದದ್ದು ಯಾರಾದರೊಬ್ಬರು, ಅಷ್ಟೇ.

ಅರ್ಧ ತಾಸಿನಲ್ಲಿ ಅವನೇ ಅದನ್ನು ಅಳಿಸಿದ. ಅಷ್ಟರಲ್ಲಿ ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದಿದ್ದರು. ಊರೂರು ತಿರುಗಿದ್ದು ಆ ಚಿತ್ರ. ಅದರ ಮೇಲ್ತುದಿಯಲ್ಲಿ ಸಮಯ ಮೂರೂ ನಲವತ್ತೆರಡು, ಬ್ಯಾಟರಿ ಒಂಬತ್ತು ಪರ್ಸೆಂಟ್. ಅದರ ಜೊತೆಗೆ ಒಂದು ಸಾಲೂ ತಿರುಗಿತು: "ನಮ್ಮ ತಾಲೂಕಿನ ಬಂಗಾರದ ಕಂಠ ಹೇಳುವುದನ್ನು ಕೇಳಿರಿ."

ಆ ಚಿತ್ರ ತೆಗೆದವನು ನಾನೇ ಇರಬಹುದು. ನನ್ನ ನೆನಪಿನಲ್ಲಿ ಎರಡು ಕಥೆಗಳಿವೆ. ಒಂದರಲ್ಲಿ ನಾನು ಜತ್ತದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೇನೆ, ಗ್ರೂಪಿನಲ್ಲಿ ಚಿತ್ರ ಬರುತ್ತದೆ, ನೋಡಿ ಬೆಚ್ಚುತ್ತೇನೆ. ಇನ್ನೊಂದರಲ್ಲಿ ನಾನು ಮರಳುವ ಟೆಂಪೋದಲ್ಲಿದ್ದೇನೆ. ಮೊಬೈಲಿನ ಚಾರ್ಜು ಮುಗಿಯುತ್ತ ಬಂದಿದೆ. ಅವನ ಸ್ಟೇಟಸ್ ತೆರೆದು ನೋಡುತ್ತೇನೆ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುತ್ತೇನೆ. ಧಾರವಾಡದ ನಾಲ್ಕು ಜನ ಗೆಳೆಯರಿಗೆ ಕಳಿಸುತ್ತೇನೆ. ಮೊದಲನೆಯದರಲ್ಲಿ ಚಹಾದ ರುಚಿ ಇಲ್ಲ. ಎರಡನೆಯದರಲ್ಲಿ ಹೆಬ್ಬೆರಳಿಗೆ ತಾಕಿದ ಗುಂಡಿ ಕೂಡ ಇದೆ. ಆದರೆ ಕಲ್ಪಿಸಿಕೊಂಡದ್ದಕ್ಕೂ ವಿವರಗಳಿರುತ್ತವೆ ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ. "ಬಂಗಾರದ ಕಂಠ" ಎಂಬ ಸಾಲಿನ ಬಗ್ಗೆ ಹೆಮ್ಮೆಪಟ್ಟದ್ದು ನೆನಪಿದೆ. ಬರೆದದ್ದು ನೆನಪಿಲ್ಲ.

ಹಳೆಯ ಮೊಬೈಲನ್ನು ಕಪಾಟಿನಲ್ಲಿಟ್ಟು ಆರು ವರ್ಷ ಮುಟ್ಟಲಿಲ್ಲ. ಚಾರ್ಜು ಹಚ್ಚಿ ನೋಡಿದ್ದರೆ ತಿಳಿಯುತ್ತಿತ್ತು. ಸಂಶಯವೆಂಬುದು ಸತ್ಯ ಹುಡುಕುವವರ ಗುಣವೆಂದು ನಂಬಿದ್ದ ನಾನು ಅದನ್ನು ಬಾಗಿಲ ಚಿಲಕದಂತೆ ಬಳಸಿದೆ. ಕೊನೆಗೆ ಹೆಂಡತಿ ಬುಟ್ಟಿ ತಂದಾಗ ರೇಗಿದೆ. ಅವಳು, "ಅದರಾಗ ಏನಿತ್ರಿ ಅಂಥಾದು?" ಅಂದಳು. ಏನೂ ಇಲ್ಲ ಅಂದೆ.

ಮುಂದೆ ಆದದ್ದಕ್ಕೆ ನೆನಪು ಬೇಕಿಲ್ಲ, ವಿಡಿಯೋ ಇದೆ. ಮೂರನೇ ದಿನ ಬೇರೆ ಊರುಗಳಿಂದ ಒಂದಿಷ್ಟು ತರುಣರು ಬಂದು ಅವನನ್ನು ಅಂಗಡಿಯಿಂದ ನಡೆಸಿಕೊಂಡು ಹೋಗಿ ಆಯಿಯ ಮನೆಯ ಮುಂದೆ ನಿಲ್ಲಿಸಿ ಕೈಮುಗಿಸಿದರು, ಅದನ್ನು ಶೂಟ್ ಮಾಡಿದರು. ಅವರ ಸಿಟ್ಟು ಸುಳ್ಳಾಗಿರಲಿಲ್ಲ. ವಿಡಿಯೋದಲ್ಲಿ ಅವನು ತಲೆ ತಗ್ಗಿಸಿ, "ತಪ್ಪಾಗ್ಯದ" ಎನ್ನುತ್ತಾನೆ. "ಜೋರಾಗಿ ಹೇಳು, ಮೈಕಿನ್ಯಾಗ ಒದರತಿದ್ಯಲ್ಲ" ಎಂದು ಒಬ್ಬ ಹೇಳುತ್ತಾನೆ. ಹಿಂದಿನಿಂದ ಆಯಿಯ ದನಿಯೂ ಕೇಳುತ್ತದೆ. ಅದನ್ನು ಯಾರೂ ಗಮನಿಸಲಿಲ್ಲ. "ಯಾಕ ಬಂದ್ರೆಪ್ಪಾ ಇಷ್ಟ ಮಂದಿ, ಅಂಗಳದ ಕಸಾ ಹೊಡದಿಲ್ಲ ಇನ್ನಾ" ಎನ್ನುತ್ತಾಳೆ.

ಅವಳ ಪರವಾಗಿ ಸಿಟ್ಟಾದವರೆಲ್ಲ ಅವಳ ಫೋಟೋವನ್ನೂ ಕಳಿಸಿದರು. ಗೆಳೆಯನ ಸ್ಟೇಟಸ್ ನೋಡಿದವರು ನೂರು ಜನವೂ ಇರಲಿಕ್ಕಿಲ್ಲ. ಆ ಮುದುಕಿ ಸೆರಗಿನಲ್ಲಿ ಬೂಂದಿ ಕಟ್ಟಿದ್ದನ್ನು ಸೊಲ್ಲಾಪುರದವರೂ ವಿಜಯಪುರದವರೂ ನೋಡಿದ್ದು ನಮ್ಮಂಥ ನ್ಯಾಯವಂತರ ಕೈಯಿಂದ. ಮರುವರ್ಷ ಕಾರಖಾನೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು, "ಬೂಂದಿ ಆಯಿ ನೀನಽ ಅಲ್ಲಾ?" ಎಂದು ಮಾತಾಡಿಸಿದಳಂತೆ. ಆ ಮೇಲೆ ಆಯಿ ಯಾರ ಲಗ್ನಕ್ಕೂ ಹೋಗಲಿಲ್ಲ.

ಗೆಳೆಯನಿಗೆ ಮತ್ತೆ ಯಾರೂ ಮೈಕು ಕೊಡಲಿಲ್ಲ. ಕೊಟ್ಟದ್ದು ನನಗೆ. ಕಾಲೇಜಿನ ಸರ್, ಎರಡೂ ಭಾಷೆ ಬರುತ್ತದೆ, ಯಾರ ಗೊಡವೆಗೂ ಹೋಗುವವನಲ್ಲ. ಎಂಟು ವರ್ಷ ನಾನು ಹೆಸರು ಕರೆದೆ. ಕೈಯಲ್ಲಿ ಯಾದಿ ಹಿಡಿದು, ಒಂದೊಂದು ಹೆಸರಿಗೂ ಬೆರಳಿಟ್ಟು. ತಪ್ಪಾಗಲಿಲ್ಲ. ಯಾರೂ ಎತ್ತರವಾಗಲೂ ಇಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ಹಿಂದಿನ ಸಾಲಿನ ಒಬ್ಬ ಹಿರಿಯರು ಪಕ್ಕದವರಿಗೆ, "ಸರ್ ಚಲೋ ಹೇಳ್ತಾರ, ರೇಷನ್ ಅಂಗಡ್ಯಾಗ ಹೆಸರ ಕೂಗಿಧಂಗ" ಅಂದದ್ದು ಕೇಳಿಸಿತು.

ಅವನ ಅಂಗಡಿ ನಡೆಯಿತು; ಗೊಬ್ಬರ ಎಲ್ಲರಿಗೂ ಬೇಕು. ಆದರೆ ಚೀಲ ಎತ್ತುವ ಮೊದಲು ಮೂಗು ಏರಿಸಿ, "ಏನೋ ವಾಸನಿ ಬಂತಲ್ಲ" ಎನ್ನುವವರು ಇದ್ದೇ ಇರುತ್ತಿದ್ದರು. ಅವನು ನಗುತ್ತಿದ್ದ. ಸಾಂಗಲಿಯಲ್ಲಿ ಓದಲು ಹೋದ ಅವನ ಮಗಳಿಗೆ ಮೊದಲ ವಾರದಲ್ಲೇ ಹಾಸ್ಟೆಲಿನವರು ಆ ವಿಡಿಯೋ ತೋರಿಸಿ, "ಇವರು ನಿಮ್ಮವರಾ?" ಎಂದು ಕೇಳಿದರು. ಅಲ್ಲ ಎಂದಳಂತೆ. ಅಲ್ಲ ಅಂದದ್ದನ್ನು ಮನೆಗೆ ಬಂದು ತಂದೆಗೆ ತಾನೇ ಹೇಳಿ ಅತ್ತಳು. ಹೆಣ್ಣು ನೋಡಲು ಬಂದ ಎರಡು ಮನೆಯವರು ಚಹಾ ಕುಡಿದು ಹೋಗಿ, ಮೊಬೈಲಿನಲ್ಲಿ ಅಪ್ಪನ ಹೆಸರು ಹಾಕಿ ನೋಡಿ, ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಅವರಲ್ಲೊಬ್ಬರು ಜಾತಕವನ್ನೇ ಕೇಳಿರಲಿಲ್ಲ.

ಇಷ್ಟಾದರೂ ನನ್ನ ಹೊಟ್ಟೆಕಿಚ್ಚು ಕರಗಲಿಲ್ಲ. ವಿಡಿಯೋದವರು ಹೋದ ಮೇಲೆ, ತಿಂಗಳು ಬಿಟ್ಟು, ಅವನೊಬ್ಬನೇ ಆಯಿಯ ಮನೆಗೆ ಹೋಗಿ ಬಂದನೆಂದು ಕೇಳಿದೆ. ಏನು ಮಾತಾಡಿದರೋ, ಆ ಮೇಲೆ ಅವಳು ಕಳೆ ತೆಗೆಯಲು ಅವನ ತೋಟಕ್ಕೆ ಮತ್ತೆ ಬರತೊಡಗಿದಳು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಅವನಿಗೆ ಒಂದು ತಪ್ಪು ಇತ್ತು, ಅದು ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು, ಅದನ್ನು ಹೊತ್ತುಕೊಂಡು ಯಾರ ಮನೆಗಾದರೂ ಹೋಗಬಹುದಿತ್ತು. ನನ್ನದು ನನ್ನದೆಂದೇ ಖಚಿತವಿಲ್ಲ.

ಈ ವರ್ಷ ಅವನ ಮಗಳ ಲಗ್ನ ಗೊತ್ತಾಯಿತು. ಗಂಡು ಸೋನ್ಯಾಳದವನು, ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿದ್ದರಿಂದ ವಿಡಿಯೋ ನೋಡಿಯೂ ಮನೆಯವರು ಹಿಂದೆ ಸರಿಯಲಿಲ್ಲ. ಆದರೆ ಗಂಡಿನ ಕಾಕಾ, ಪುಣೆಯಲ್ಲಿ ನೆಲೆಸಿದವರು, ನನ್ನನ್ನು ನೋಡಲು ಬಂದರು.

"ಸರ, ಮೈಕ ನೀವಽ ಹಿಡೀರಿ. ಲಗ್ನ ಲೈವ್ ಅದ, ನಮ್ಮ ಪುಣೆದ ಮಂದಿ ಎಲ್ಲಾ ನೋಡ್ತಾರ. ಬೀಗ್ರಿಗಿ ಏನ್ ಮರ್ಯಾದಿ ಕೊಡಬೇಕು ಅದು ಕೊಡ್ತೀವಿ. ಆದ್ರ ಅವರು ಮೈಕ ಮುಟ್ಟೂದು ಬ್ಯಾಡ."

"ಇದನ್ನ ಅವರಿಗಿ ಹೇಳೀರೇನ್ರಿ?"

"ಹೇಳೀವಿ. ಹೂಂ ಅಂದಾರ. ತಿಳದವರ ಅದಾರ ಬಿಡ್ರಿ."

ಮರುದಿನ ಬೆಳಿಗ್ಗೆ ಗೆಳೆಯ ಯಾದಿ ತಂದ. ಎಷ್ಟೋ ವರ್ಷಗಳ ಮೇಲೆ ನನ್ನ ಮನೆಗೆ ಬಂದಿದ್ದ.

"ನಿನ್ನ ಅಕ್ಷರದಾಗ ಬರಕೊ. ನನ್ನ ಅಕ್ಷರ ನಿನಗ ತಿಳಿಯೂದಿಲ್ಲ."

"ನಾಲ್ಕನೇ ಇಯತ್ತೆತನ ನಿಂದ ನೋಡೇ ಬರದೀನಿ. ತಿಳೀತದ ತಗೊ."

ಮೊದಲನೆಯದು ಮಠದ ಅಜ್ಜನವರ ಹೆಸರು. ಎರಡನೆಯದು ಸೋದರಮಾವ. ಮೂರನೆಯದು ಒಬ್ಬ ಹೆಂಗಸಿನ ಪೂರ್ತಿ ಹೆಸರು. ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ ಬರೆದಿದ್ದ. ಯಾರೆಂದು ತಿಳಿಯಲಿಲ್ಲ.

"ಆಯಿ" ಅಂದ. "ಆಕಿಗೂ ಹೆಸರ ಅದ."

"ಬೀಗ್ರು ಒಪ್ಪ್ಯಾರಾ?"

"ಕೇಳಿಲ್ಲ. ಮೈಕ ನಿನ್ನ ಕೈಯಾಗ ಇರ್ತದ, ಅವರ ಕೈಯಾಗಲ್ಲ."

"ಆಕಿ ಬರ್ತಾಳಾ? ಯಾರ ಲಗ್ನಕ್ಕೂ ಬರೂದಿಲ್ಲಲ್ಲ."

"ಮನಿಗಿ ಹೋಗಿ ಕರದೀನಿ. 'ಹೆಸರ ತಗದ ಕರದ್ರ ಬರ್ತೀನಿ, ಬೂಂದಿಗಿ ಬರೂದಿಲ್ಲ' ಅಂದಾಳ." ಚಹಾದ ಬಟ್ಟಲನ್ನು ಕೆಳಗಿಟ್ಟ. "ನೀ ಕರೀಲಿಲ್ಲಂದ್ರ ಆಕಿ ಎದ್ದ ಹೋಗ್ತಾಳ. ಮತ್ತ ಕರೀಲಿಕ್ಕೆ ನನಗ ಇನ್ನೊಂದ ಮಗಳಿಲ್ಲ."

ಆಗ ನಾನು ಹೇಳಿದೆ. ಯಾಕೆ ಆಗಲೇ ಹೇಳಿದೆನೋ.

"ಆ ಸ್ಕ್ರೀನ್‌ಶಾಟ್ ಇತ್ತಲ್ಲ. ಅದನ್ನ ನಾ ತಗದಿರಬೇಕು."

"ತಗದಿರಬೇಕು ಅಂದ್ರ? ತಗದೀಯೋ ಇಲ್ಲೋ?"

"ನೆನಪಿಲ್ಲ."

ಅವನು ನಕ್ಕ. "ಭಾಳ ಸಾಲಿ ಕಲ್ತಿ ಮಾರಾಯಾ. ಒಂದ ತಪ್ಪ ಮಾಡೂದು ಸೈತ ಸುದ್ದ ಬರೂದಿಲ್ಲ ನಿನಗ." ಎದ್ದು ಚಪ್ಪಲಿ ಮೆಟ್ಟುತ್ತ ಅಂದ, "ಬರದವ ನಾ. ತಗದವ ಯಾವನರೆ ಆಗವಲ್ಲನ್ಯಾಕ. ನೀ ಯಾದಿ ಬರಕೊ."

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ನನ್ನ ಪಾಲನ್ನೂ ತಾನೇ ಎತ್ತಿಕೊಂಡು ಹೋದ ಹಾಗೆ ಹೋದ. ಸಿಟ್ಟು ಬಂತು.

ಲಗ್ನದ ದಿನ ಮಂಗಲ ಕಾರ್ಯಾಲಯ ತುಂಬಿತ್ತು. ಆಯಿ ಕಡೆಯ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಯ ತುದಿಗೆ ಕೂತಿದ್ದಳು, ಎದ್ದು ಹೋಗಲು ಅನುಕೂಲವಾಗುವಂತೆ. ಗೆಳೆಯ ವೇದಿಕೆಯ ಕೆಳಗೆ ಶಾಲು, ಕಾಯಿಗಳ ತಾಟು ಹಿಡಿದು ನಿಂತಿದ್ದ. ನಾನು ಮೈಕು ಹಿಡಿಯುವ ಮೊದಲು ಪುಣೆಯ ಕಾಕಾ ಯಾದಿ ಕೇಳಿ ತೆಗೆದುಕೊಂಡರು. ಓದಿದರು. ಅವರಿಗೆ ಹೆಸರು ಗೊತ್ತಿರಲಿಲ್ಲ, ಪಕ್ಕದವರನ್ನು ಕೇಳಿದರು, ಪೆನ್ನು ತೆಗೆದು ಮೂರನೇ ಸಾಲಿನ ಮೇಲೆ ಮೂರು ನಾಲ್ಕು ಸಲ ಎಳೆದರು. "ಇದೊಂದ ಬ್ಯಾಡ ಸರ. ಲೈವ್ ಅದ" ಎಂದು ಮರಳಿ ಕೊಟ್ಟರು.

ನಾನು ಅಜ್ಜನವರನ್ನು ಕರೆದೆ. ಸೋದರಮಾವನನ್ನು ಕರೆದೆ. ಬೆರಳು ಮೂರನೇ ಸಾಲಿಗೆ ಬಂತು. ಅಲ್ಲಿ ನೀಲಿ ಗೀಟು ಬಿಟ್ಟರೆ ಏನೂ ಓದಲು ಬರಲಿಲ್ಲ. ಹುಟ್ಟಿದಾಗಿನಿಂದ ಕಂಡ ಹೆಂಗಸು. ಅವಳ ಹೆಸರನ್ನು ನಾನು ಜೀವನದಲ್ಲಿ ಎರಡು ಸಲ ಓದಿದ್ದೆ, ಅವನ ಅಕ್ಷರದಲ್ಲಿ ಒಮ್ಮೆ, ನನ್ನದರಲ್ಲಿ ಒಮ್ಮೆ. ಎರಡೂ ನೆನಪಿಗೆ ಬರಲಿಲ್ಲ. ಆಯಿ ಎಂದು ಕರೆಯಬಹುದಿತ್ತು, ಆದರೆ ಅದು ಹೆಸರಲ್ಲ. ನಾಲ್ಕನೆಯದಕ್ಕೆ ಹೋಗಬಹುದಿತ್ತು, ಹೋಗಲಿಲ್ಲ. ಬಾಯಿ ತೆರೆದು ನಿಂತೆ. ಮೈಕಿನಿಂದ ನನ್ನ ಉಸಿರು ಕೇಳುತ್ತಿತ್ತು. ಕಡೆಯ ಸಾಲಿನಲ್ಲಿ ಆಯಿ ಕುರ್ಚಿಯ ಕೈ ಹಿಡಿದು ಏಳತೊಡಗಿದಳು.

ಆಗ ಕೆಳಗಿನಿಂದ ಆ ದನಿ ಬಂತು. ಮೈಕಿಲ್ಲದೆ, ತಾಟು ಹಿಡಿದ ಕೈ ಹಾಗೇ ಇರುವಾಗ. ಅವಳ ಹೆಸರು, ಅವಳ ತಂದೆಯ ಹೆಸರು, ಮನೆತನದ ಹೆಸರು, ಸಂಖದವರು, ದಯಮಾಡಿಸಬೇಕು. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಎಂಟು ವರ್ಷ ಕೂಗದ ಗಂಟಲು ಮೊದಲ ಮಾತಿಗೆ ಸ್ವಲ್ಪ ಒಡೆಯಿತು, ಆಮೇಲೆ ಮೊದಲಿನಂತಾಯಿತು. ಅಡಿಗೆಯವರು ಸೈತ ಹೊರಗೆ ಬಂದು ನೋಡಿದರು.

ಆಯಿ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದಳು. ತಿರುಗಿ, ಸೆರಗು ತಲೆಗೆ ಎಳೆದುಕೊಂಡು, ನಡುವಿನ ದಾರಿಯಲ್ಲಿ ನಿಧಾನ ನಡೆದು ಬಂದಳು. ಮದುಮಗಳೇ ಮುಂದೆ ಬಂದು ಕುಂಕುಮ ಹಚ್ಚಿ, ಖಣ, ಕಾಯಿ ಕೊಟ್ಟು, ಶಾಲು ಹೊದಿಸಿದಳು. ಆಯಿ ಇಳಿಯುವಾಗ ಗೆಳೆಯನ ಹತ್ತಿರ ನಿಂತು, "ಇಷ್ಟ ಯಾಕ ಒದರ್ತೀಯೋ ತಮ್ಮಾ, ನನಗ ಕಿವಿ ಕೇಳ್ತಾವ" ಅಂದಳು. ಪುಣೆಯ ಕಾಕಾ ಕ್ಯಾಮೆರಾದವನಿಗೆ ಕೈಸನ್ನೆ ಮಾಡುತ್ತಿದ್ದರು. ಅವನು ಅದನ್ನು ಇನ್ನೂ ಹತ್ತಿರದಿಂದ ತೆಗೆ ಎಂದು ತಿಳಿದನೋ ಏನೋ, ಹತ್ತಿರ ಹೋದ.

ಅವಳು ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ದೂರದಿಂದ ನೋಡಿದೆ. ಗೆಳೆಯನ ಹೆಂಡತಿ ಬೂಂದಿಯ ಬುಟ್ಟಿ ಹಿಡಿದು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. "ಅನ್ನಾ ಹಾಕು ತಾಯಿ. ಅದು ಬ್ಯಾಡ." ಹಾಕಿಸಿಕೊಳ್ಳಲೇ ಇಲ್ಲ.

ಆ ಲೈವ್ ಈಗಲೂ ಇದೆ. ನಾನು ನಿಂತಿದ್ದು ಏಳು ಸೆಕೆಂಡು, ಎಣಿಸಿದ್ದೇನೆ. ಈ ಸಲ ಆಧಾರವಿದೆ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಹೆಂಡತಿ, "ನೀವು ಬೇಕಂತಾನ ನಿಂತ್ರಿ. ಅವರಽ ಕರೀಲಿ ಅಂತ. ನನಗ ಗೊತ್ತದ" ಎನ್ನುತ್ತಾಳೆ. ಹೌದೆಂಬ ಮಾತು ಬಾಯಿಗೆ ಬರುತ್ತದೆ. ಹೆಸರು ಮರೆತೆ ಎಂದು ನನಗೆ ಅನಿಸುತ್ತದೆ. ಪುಣೆಯವರಿಗೆ ಹೆದರಿದೆ ಎಂದೂ ಅನಿಸುತ್ತದೆ. ಅವಳು ಎದ್ದು ಹೋಗಲಿ, ಅವನು ಒಮ್ಮೆ ಸೋಲಲಿ ಎಂದು ಕಾದೆನೇ ಎಂದು ಕೇಳಿಕೊಂಡಾಗ, ಇಲ್ಲ ಎನ್ನಲು ಪುರಾವೆ ಸಿಗುವುದಿಲ್ಲ. ವಿಡಿಯೋದ ಕೆಳಗೆ ಪುಣೆಯ ಯಾರೋ, ಆ ದನಿ ಯಾರದು ಎಂದು ಕೇಳಿದ್ದಾರೆ. ಅದರ ಕೆಳಗೆ ಇನ್ನೊಬ್ಬರ ಉತ್ತರ: "ವಾಸನಿ ಬಂತು." ಅದು ಇನ್ನೂ ಹೋಗಿಲ್ಲ. ಹೋಗಲಿಕ್ಕಿಲ್ಲ.

ಹದಿನೈದು ದಿನದ ಮೇಲೆ ಊರಿನ ಒಂದು ಲಗ್ನದವರು ಮೈಕು ಹಿಡಿಯಲು ಕೇಳಬೇಕೆಂದು ಹೊರಟವರು ನನ್ನ ಮನೆಯ ಬಾಗಿಲು ದಾಟಿ ಗೊಬ್ಬರದ ಅಂಗಡಿಗೆ ಹೋದರು. ನಾನು ಕಿಟಕಿಯಿಂದ ನೋಡಿದೆ. ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಬಂದು ನನ್ನ ಕಟ್ಟೆಯ ಮೇಲೆ ಕೂತರು. ಅವನು ಒಪ್ಪಲಿಲ್ಲವಂತೆ. "ಸರ್‌ನ ಕರೀರಿ. ಹೆಸರ ಮರೆತ್ರ ಕೆಳಗ ನಾ ಇರ್ತೀನಿ" ಅಂದನಂತೆ.

ಅವನು ಹಾಗೆ ಅಂದದ್ದನ್ನು ನಾನು ಕೇಳಿಲ್ಲ. ಬಂದವರು ಹೇಳಿದ್ದು, ಅದೂ ನಗುತ್ತ. ಆದರೂ ತಕ್ಷಣ ನಂಬಿದೆ. ಯಾದಿ ತೆಗೆದುಕೊಂಡೆ. ಅವರು ಹೋದ ಮೇಲೆ ಕೋಣೆಯ ಬಾಗಿಲು ಹಾಕಿ, ಕಾಗದ ಮಡಚಿ ಜೇಬಿನಲ್ಲಿಟ್ಟು, ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ನೋಡದೆ ಹೇಳಲು ಕುಳಿತೆ.